ಪಲ್ಪರ್ ಮನೆಯ ಸುಳ್ಳಾನೆ

ಆ ವರ್ಷ ಗೌರಿ ಹಬ್ಬ ಕಳೆದ ವಾರ ನಾನು ಮೂರು ಹಳೆಯ ಕಂಪ್ಯೂಟರುಗಳನ್ನು ಕಂಬಳಿಯಲ್ಲಿ ಸುತ್ತಿ, ಜೀಪಿನ ಹಿಂದೆ ಇಟ್ಟುಕೊಂಡು ಮಲ್ಲಂದೂರಿನ ಕಡೆಯ ಒಂದು ಕಾಫಿ ತೋಟಕ್ಕೆ ಹೋದೆ. ಜೀಪು ಓಡಿಸುತ್ತಿದ್ದವರು ಆ ತೋಟದ ಯಜಮಾನರು. ಅರವತ್ತು ದಾಟಿದವರು, ಮಾತು ಕಡಿಮೆ. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಒಬ್ಬರೇ ಕೂತ್ಕೊಂಡು ಕೆಲಸ ಮಾಡೋಕೆ ನಿಮಗೆ ಹೆದರಿಕೆ ಆಗಲ್ವಾ?"

"ಯಾಕೆ ಹೆದರಿಕೆ?" ಎಂದೆ.

ಅವರು ಗೇರು ಬದಲಾಯಿಸಿದರು. ಎದುರಿನ ತಿರುವಿನಲ್ಲಿ ಮಂಜು ರಸ್ತೆಗೆ ಅಡ್ಡ ನಿಂತಿತ್ತು.

ನನ್ನ ಮನೆ ಇರುವುದು ಆಲ್ದೂರಿನಲ್ಲಿ, ಗಂಡನ ಔಷಧಿ ಅಂಗಡಿಯ ಮೇಲೆ. ಸುತ್ತಲಿನ ಹೋಂಸ್ಟೇಗಳಿಗೆ, ಕಾಫಿ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಯಜಮಾನರು ನನ್ನನ್ನು ಹುಡುಕಿಕೊಂಡು ಬಂದದ್ದು ಬೇರೆಯೇ ಕಾರಣಕ್ಕೆ. ಅವರ ಕಡೆಯ ತೋಟದವರೆಲ್ಲ ಸೇರಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಯಾರ ತೋಟದಲ್ಲಿ ಆನೆ ಕಂಡರೂ ಅದರಲ್ಲಿ ಹಾಕುವುದು. ಆದರೆ ಆ ಗುಂಪಿನಲ್ಲಿ ಆನೆಯ ಸುದ್ದಿಯ ಮೇಲೆ ಶುಭೋದಯದ ಹೂವು, ಅದರ ಮೇಲೆ ಯಾರದೋ ಮೊಮ್ಮಗುವಿನ ಹುಟ್ಟುಹಬ್ಬ, ಅದರ ಮೇಲೆ ಮೆಣಸಿನ ರೇಟು. ಹಿಂದಿನ ವರ್ಷ ಒಂದು ಬೆಳಿಗ್ಗೆ ಇಂಥದ್ದೇ ಸುದ್ದಿಯೊಂದು ಹುಟ್ಟುಹಬ್ಬದ ಹಾರೈಕೆಗಳ ಕೆಳಗೆ ಹೂತುಹೋಗಿತ್ತು. ಆ ಬೆಳಿಗ್ಗೆ ಯಜಮಾನರ ಹೆಂಡತಿ ಮೋಟಾರು ಹಾಕಲೆಂದು ಪಂಪ್ ಮನೆಯ ಕಡೆ ಹೋದರು, ವಾಪಸು ಬರಲಿಲ್ಲ. ಆ ಸುದ್ದಿ ನಾವೆಲ್ಲ ಕೇಳಿದ್ದೆವು. ಎಲ್ಲಿ, ಹೇಗೆ ಎಂದು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ಆನೆ ಕಂಡವರು ಒಂದು ಗುಂಡಿ ಒತ್ತಬೇಕು. ಹತ್ತಿರ ಇರೋರಿಗೆಲ್ಲ ಫೋನ್ ಹೋಗಬೇಕು. ಮೆಸೇಜ್ ಅಲ್ಲ, ಫೋನು. ಬಡ್ಕೊಳ್ಬೇಕು ಅದು" ಎಂದಿದ್ದರು. ಕುಯ್ಲು ಶುರುವಾಗುವುದರೊಳಗೆ ಆಗಬೇಕು ಎಂಬುದೊಂದೇ ಅವರ ಷರತ್ತು.

ನನ್ನ ಗಂಡ ಕೇಳಿ ನಕ್ಕ. "ಆನೆಗೂ ವೆಬ್‌ಸೈಟಾ?" ಎಂದ. ಆಮೇಲೆ ಅವನೇ ಹೋಗಿ, ಚಿಕ್ಕಮಗಳೂರಿನಲ್ಲಿ ಮುಚ್ಚಿಹೋದ ಯಾವುದೋ ಕಚೇರಿಯ ಹಳೆಯ ಕಂಪ್ಯೂಟರುಗಳನ್ನು ತಂದುಕೊಟ್ಟ.

ಇಂಥ ಕೆಲಸದಲ್ಲಿ ಮೊದಲು ಬೇಕಾದದ್ದು ಎಡವಿ ಬೀಳಲು ಒಂದು ಜಾಗ. ಊರವರ ಜೀವಕ್ಕೆ ಸಂಬಂಧಿಸಿದ್ದನ್ನು ನೇರವಾಗಿ ಊರವರ ಫೋನಿನ ಮೇಲೆ ಪರೀಕ್ಷೆ ಮಾಡಲಾಗುವುದಿಲ್ಲ. ಹೊರಗಿನ ಜಾಲಕ್ಕೆ ಅಂಟಿಕೊಳ್ಳದ, ಆದರೆ ನಾಳೆ ಹೊರಗೆ ಹೇಗೆ ಓಡಬೇಕೋ ಹಾಗೆಯೇ ಓಡುವ ಒಂದು ಪುಟ್ಟ ಪ್ರಪಂಚವನ್ನು ಮೊದಲು ಕಟ್ಟಿಕೊಳ್ಳಬೇಕು. ಅದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಪ್ರೋಗ್ರಾಮಿನ ಒಂದೊಂದು ತುಂಡನ್ನೂ ಅದಕ್ಕೆ ಬೇಕಾದ ಸರಂಜಾಮಿನ ಸಮೇತ ಒಂದೊಂದು ಡಬ್ಬಿಯಲ್ಲಿ ತುಂಬುವುದು. ಆ ಡಬ್ಬಿಯೇ ಕಂಟೇನರ್. ಮೂರು ಯಂತ್ರಗಳನ್ನು ತಂತಿಯಲ್ಲಿ ಕಟ್ಟಿ, ಒಂದನ್ನು ಮೇಲ್ವಿಚಾರಣೆಗೆ ಕೂರಿಸಿ, ಇಂಥ ಡಬ್ಬಿ ಇಷ್ಟು ಇರಬೇಕು ಎಂದು ಅದಕ್ಕೆ ಹೇಳಿಬಿಟ್ಟರೆ ಸಾಕು. ಯಾವ ಡಬ್ಬಿ ಯಾವ ಯಂತ್ರದಲ್ಲಿ ಎಂಬುದು ಅದರ ಪಾಡು. ಒಂದು ಡಬ್ಬಿ ಸತ್ತರೆ ಯಾರೂ ಹೇಳದೆಯೇ ಅದರ ಜಾಗದಲ್ಲಿ ಅಂಥದ್ದೇ ಇನ್ನೊಂದನ್ನು ಎಬ್ಬಿಸಿ ನಿಲ್ಲಿಸುತ್ತದೆ. ನಾವು ಕೊಂದರೂ ಎಬ್ಬಿಸುತ್ತದೆ.

ನಮ್ಮ ಮನೆಯಲ್ಲಿ ಮೂರು ಯಂತ್ರ ಇಡಲು ಜಾಗವಿರಲಿಲ್ಲ. ಯಜಮಾನರ ಪಲ್ಪರ್ ಮನೆಯ ಪಕ್ಕದ ಕೋಣೆ ಖಾಲಿ ಇತ್ತು. ಹಣ್ಣು ಕಾಫಿಯ ಸಿಪ್ಪೆ ಸುಲಿಯುವ ಯಂತ್ರ ಇರುವ ಕಟ್ಟಡ ಅದು. ಕುಯ್ಲಿನ ತಿಂಗಳುಗಳನ್ನು ಬಿಟ್ಟರೆ ಅಲ್ಲಿ ಯಾರಿಗೂ ಕೆಲಸವಿಲ್ಲ. ಎದುರಿಗೆ ಕಾಫಿ ಒಣಗಿಸುವ ಸಿಮೆಂಟಿನ ಕಣ, ಕಣದ ಆಚೆ ಸಿಲ್ವರ್ ಓಕ್ ಮರಗಳು, ಅವುಗಳ ಕೆಳಗೆ ಪಂಪ್ ಮನೆಗೆ ಇಳಿಯುವ ಕಾಲುದಾರಿ. ಕೋಣೆಗೆ ಒಂದೇ ಕಿಟಕಿ. ಕೋಣೆಯೊಳಗೆ ಆ ಕಿಟಕಿಯ ಬಳಿ ನಿಂತರೆ ಮಾತ್ರ ಫೋನಿಗೆ ಸಿಗ್ನಲ್ಲು.

ಮೊದಲ ವಾರವೆಲ್ಲ ಯಂತ್ರಗಳು ಒಂದರ ಮುಖ ಒಂದು ನೋಡಲಿಲ್ಲ. ಎರಡು ಹೇಗೋ ಒಪ್ಪಿಕೊಂಡವು. ಮೂರನೆಯದು ಮಾತ್ರ ಪ್ರತಿದಿನ ಬೆಳಿಗ್ಗೆ ಜೊತೆ ಬಿಟ್ಟು ನಿಂತಿರುತ್ತಿತ್ತು. ಹುಡುಕಿ ಹುಡುಕಿ ಸಾಕಾದ ಮೇಲೆ ಕಂಡದ್ದು: ಅದರ ಒಳಗಿನ ಗುಂಡಿ ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಎಷ್ಟೋ ವರ್ಷ ಹಿಂದಿನ ದಿನವೊಂದರಲ್ಲಿ ಕಣ್ಣು ಬಿಡುತ್ತಿತ್ತು. ಉಳಿದ ಎರಡಕ್ಕೆ ಅದು ಹೇಳುವುದೆಲ್ಲ ಹಿಂದೆಂದೋ ಆಡಿದ ಮಾತು. ಹಾಗಾಗಿ ಅವು ಅದನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಲ್ದೂರಿನ ವಾಚ್ ಅಂಗಡಿಯಿಂದ ಒಂದು ಬ್ಯಾಟರಿ ತಂದು ಹಾಕಿದೆ, ಕರೆಂಟು ಹೋದರೂ ಓಡಲೆಂದು ಮೇಜಿನ ಕೆಳಗೆ ಒಂದು ಬ್ಯಾಟರಿ ಪೆಟ್ಟಿಗೆಯನ್ನೂ ಇಟ್ಟೆ. ಮೂರೂ ಒಂದೇ ಹೊತ್ತಿನಲ್ಲಿ ಉಸಿರಾಡಲು ಶುರು ಮಾಡಿದವು. ಆ ಖುಷಿಯಲ್ಲಿ ಕಣದಲ್ಲಿ ಒಬ್ಬಳೇ ಎರಡು ಸುತ್ತು ಹಾಕಿದೆ. ಮಂಜಿನಲ್ಲಿ ನನ್ನ ಹೆಜ್ಜೆಯ ಸದ್ದೇ ಇನ್ನೊಬ್ಬರ ಹೆಜ್ಜೆಯ ಹಾಗೆ ಹಿಂದಿನಿಂದ ಕೇಳಿತು.

ಇನ್ನು ಬೇಕಾದದ್ದು ಆನೆ.

ಗುಂಡಿ ಒತ್ತುವವರು, ನಕ್ಷೆ, ಫೋನು ಮಾಡುವ ತುಂಡು, ಎಲ್ಲ ಸಿದ್ಧವಾಗುತ್ತಿತ್ತು. ಪರೀಕ್ಷೆಗೆ ನಿಜವಾದ ಆನೆಗಾಗಿ ಕಾಯುತ್ತ ಕೂರಲಾಗುವುದಿಲ್ಲ. ಅದಕ್ಕೇ ಒಂದು ಸುಳ್ಳು ಆನೆಯನ್ನು ಮಾಡಿದೆ. ನಾಲ್ಕು ಸಾಲಿನ ಪ್ರೋಗ್ರಾಮು. ಆ ಕಡೆಯ ನಕ್ಷೆಯ ಮೇಲೆ ಕಾಡಿನ ಅಂಚಿನಿಂದ ಹೊರಟು, ಕೆರೆ, ಗದ್ದೆಬಯಲು, ತೋಟಗಳ ನಡುವೆ ಅಲೆಯುತ್ತ ಆಗಾಗ "ಇಲ್ಲಿ ಕಂಡಿತು" ಎಂದು ವರದಿ ಕಳಿಸುವುದು ಅದರ ಕೆಲಸ. ಯಾವ ಕಡೆ ತಿರುಗಬೇಕು, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ನಾನು ಬರೆಯಲಿಲ್ಲ, ದಾಳ ಎಸೆದ ಹಾಗೆ ಯಂತ್ರಕ್ಕೇ ಬಿಟ್ಟೆ. ಆನೆ ಹೇಳಿ ಕೇಳಿ ನಡೆಯುವ ಪ್ರಾಣಿಯಲ್ಲವಲ್ಲ. ಅದನ್ನೂ ಒಂದು ಡಬ್ಬಿಯಲ್ಲಿ ತುಂಬಿ ಕ್ಲಸ್ಟರಿಗೆ ಕೊಟ್ಟು, ಆನೆ ಒಂದು ಇರಲಿ ಎಂದೆ. ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ ಮೂಡಿ ನಿಧಾನಕ್ಕೆ ಚಲಿಸತೊಡಗಿತು.

ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಒಳಗೆ ಬಂದವರು ಪರದೆ ನೋಡಿ ಹಾಗೇ ನಿಂತರು.

"ಇದು ಯಾವ ಆನೆ?"

"ಯಾವುದೂ ಅಲ್ಲ ಸರ್. ಸುಳ್ಳು ಆನೆ. ಪರೀಕ್ಷೆಗೆ ಮಾಡಿದ್ದು."

"ಸುಳ್ಳು ಅಂದ್ರೆ, ಇದು ಎಲ್ಲೂ ಇಲ್ವಾ?"

"ಈ ಮೂರು ಪೆಟ್ಟಿಗೆ ಒಳಗೆ ಬಿಟ್ಟರೆ ಎಲ್ಲೂ ಇಲ್ಲ."

ಅವರು ಕುರ್ಚಿ ಎಳೆದುಕೊಂಡು ಕೂತರು. ಕಾಫಿ ಆರುವ ತನಕ ಕೂತಿದ್ದರು. ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ. ಬಂದವರು ಬೇರೇನೂ ಕೇಳುತ್ತಿರಲಿಲ್ಲ. "ಎಲ್ಲಿದೆ?" ಎನ್ನುವರು. ನಾನು ಬೆರಳು ತೋರಿಸುವೆ. ಗದ್ದೆಯ ಹತ್ತಿರವಿದ್ದರೆ "ಭತ್ತ ಹಾಲು ತುಂಬಿದೆ ಈಗ, ಅಲ್ಲೇ ಇರುತ್ತೆ" ಎನ್ನುವರು. ಅದಕ್ಕೆ ಭತ್ತ ಗೊತ್ತಿಲ್ಲ ಸರ್ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಒಂದು ದಿನ ನಾನು ಬೇರೆ ಏನೋ ಬರೆಯುತ್ತಿದ್ದಾಗ ಅವರ ಕುರ್ಚಿ ಕಿರುಗುಟ್ಟಿತು. ನೋಡಿದರೆ ಅವರು ಎದ್ದು ನಿಂತು ಪರದೆಗೆ ಮುಖ ತಾಗುವಷ್ಟು ಬಗ್ಗಿದ್ದರು. ಚುಕ್ಕೆ ಕಾಲುದಾರಿಯಲ್ಲಿ ಇಳಿದು ಪಂಪ್ ಮನೆಗಿಂತ ಸ್ವಲ್ಪ ಮೇಲೆ ನಿಂತಿತ್ತು.

"ಯಾಕೆ ನಿಂತ್ತು ಅದು ಅಲ್ಲಿ?"

"ಸುಮ್ಮನೆ ಸರ್. ಅದು ಎಲ್ಲಿ ಬೇಕಾದ್ರೂ ನಿಲ್ಲುತ್ತೆ. ಲೆಕ್ಕ ಏನೂ ಇಲ್ಲ."

"ನೀವು ಹೇಳಿದ್ರಾ ಅದಕ್ಕೆ, ಅಲ್ಲಿ ನಿಲ್ಲು ಅಂತ?"

"ಇಲ್ಲ. ಖಂಡಿತ ಇಲ್ಲ."

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಚುಕ್ಕೆಯೂ ಕದಲಲಿಲ್ಲ. ಅಷ್ಟು ಹೊತ್ತು ಅದು ಎಲ್ಲೂ ನಿಂತದ್ದನ್ನು ನಾನು ನೋಡಿರಲಿಲ್ಲ. ಕೊನೆಗೆ ಅವರು, ಹವಾಮಾನ ಹೇಳುವವರ ಹಾಗೆ ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು: "ಅವಳು ಇದ್ದದ್ದು ಅಲ್ಲೇ. ಆ ತಿರುವಿನಲ್ಲಿ ಒಂದು ಹಲಸಿನ ಮರ ಇದೆ. ಮರಕ್ಕೆ ಒರಗಿ ಕೂತ ಹಂಗೆ ಇದ್ಲು. ನಾನು ದೂರದಿಂದ ನೋಡಿ, ದಣಿವಾಗಿ ಕೂತಿದಾಳೆ ಅಂದ್ಕೊಂಡೆ. ಕರೆದೆ ಕೂಡ."

ಚುಕ್ಕೆಯನ್ನು ತೆಗೆದುಬಿಡಲಾ ಎಂದು ಕೇಳಿದೆ. ಅವರು ಬೇಡವೆಂದು ಕೈಯಾಡಿಸಿದರು. ಅಂದು ಸಂಜೆ ಸ್ಕೂಟರಿನಲ್ಲಿ ಆಲ್ದೂರಿಗೆ ಇಳಿಯುವಾಗ ಪ್ರತಿ ತಿರುವಿನಲ್ಲೂ ಹಾರ್ನ್ ಒತ್ತುತ್ತ ಇಳಿದೆ.

ಅಷ್ಟರಲ್ಲಿ ಇನ್ನೊಂದು ಸಂಗತಿ ಶುರುವಾಗಿತ್ತು. ಆ ತೋಟದ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಒಬ್ಬ ನಡುವಯಸ್ಸಿನ ಹೆಂಗಸು. ಎತ್ತರದ ಆಳು, ಎತ್ತರದ ದನಿ. ತೋಟದ ಮೇಲ್ಭಾಗದ ಬ್ಲಾಕಿನಲ್ಲಿ ನಿಂತು ಕೂಗಿದರೆ ಕೆಳಗಿನ ಗದ್ದೆಯಲ್ಲಿದ್ದವರು ತಲೆಯೆತ್ತುವರು. ಬೆಳಿಗ್ಗೆ ಆಳುಗಳೆಲ್ಲ ಕಣದಲ್ಲಿ ಸೇರಿದಾಗ ಅವಳು ಕಿಟಕಿಯಿಂದ ಇಣುಕಿ ಪರದೆ ನೋಡುವುದನ್ನು ರೂಢಿ ಮಾಡಿಕೊಂಡಳು. ಯಜಮಾನರು ಅವಳಿಗೆ ಕಾಣಲೆಂದೇ ಪರದೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ಹೋಗುತ್ತಿದ್ದರಂತೆ. ಚುಕ್ಕೆ ಇದ್ದ ಕಡೆ ಅವಳು ಆಳು ಕಳಿಸುತ್ತಿರಲಿಲ್ಲ.

"ಅದು ನಿಜದ್ದಲ್ಲ ಕಣಮ್ಮ" ಎಂದು ನಾನು ತಿಳಿಸಿ ಹೇಳಿದೆ.

"ಗೊತ್ತು ಅಮ್ಮಾ, ಸಾಹೇಬ್ರು ಹೇಳಿದ್ರು."

"ಮತ್ತೆ?"

"ನಿಜದ್ದಲ್ಲ ಸರಿ. ಆದ್ರೂ ಅದು ಇರೋ ಕಡೆ ಹೋಗೋಕೆ ಯಾರಿಗೂ ಕಾಲು ಬರಲ್ಲ. ನೀವಾದ್ರೆ ಹೋಗ್ತೀರಾ?"

ನಾನು ನಕ್ಕೆ. ಆದರೆ ಅಂದು ಮಧ್ಯಾಹ್ನ ಪಂಪ್ ಮನೆಯ ಹತ್ತಿರದ ನಲ್ಲಿಗೆ ಕೈ ತೊಳೆಯಲು ಹೊರಟವಳು ಅರ್ಧ ದಾರಿಯಲ್ಲಿ ನಿಂತೆ. ಹೊರಡುವ ಮೊದಲು ಚುಕ್ಕೆ ಆ ಕಡೆಯೇ ಇತ್ತು. ವಾಪಸು ಬಂದು ಕುಡಿಯುವ ನೀರಿನಲ್ಲೇ ಕೈ ತೊಳೆದುಕೊಂಡೆ.

ದಸರಾ ಮುಗಿದ ಮೇಲಿನ ಒಂದು ಬೆಳಿಗ್ಗೆ. ಯಜಮಾನರು ಕಣ್ಣು ತೋರಿಸಲು ಚಿಕ್ಕಮಗಳೂರಿಗೆ ಹೋಗಿದ್ದರು. ಮೇಸ್ತ್ರಿ ಆಳುಗಳನ್ನು ಕರೆದುಕೊಂಡು ಮೇಲಿನ ಬ್ಲಾಕಿಗೆ ಹೋಗಿದ್ದಳು. ನಾನು ಬರುವ ಹೊತ್ತಿಗೆ ಪಲ್ಪರ್ ಮನೆಯಲ್ಲಿ ಯಾರೂ ಇರಲಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಣದ ಆಚೆಯ ಅಂಚು ಕಾಣುತ್ತಿರಲಿಲ್ಲ. ಸಿಮೆಂಟು ಹೋಗುತ್ತ ಹೋಗುತ್ತ ಬಿಳಿಯಲ್ಲಿ ಕರಗಿಹೋಗಿತ್ತು. ತೋಟದ ನಾಯಿಗಳು ಎಂದಿನಂತೆ ನನ್ನ ಸ್ಕೂಟರಿಗೆ ಬೊಗಳಲಿಲ್ಲ. ಎರಡೂ ಪಲ್ಪರ್ ಯಂತ್ರದ ಅಡಿ ಸೇರಿಕೊಂಡು ಬಾಲ ಮುದುರಿ ನನ್ನನ್ನೇ ನೋಡುತ್ತಿದ್ದವು. ಚಳಿ ಎಂದುಕೊಂಡೆ.

ಸುಳ್ಳಾನೆಯ ನಡಿಗೆಯಲ್ಲಿ ಏನೋ ಬದಲಾಯಿಸುವುದಿತ್ತು. ಅದಕ್ಕೆಂದು ಅದರ ಡಬ್ಬಿಯನ್ನು ಅಳಿಸಿದೆ. ಕ್ಲಸ್ಟರು ತನ್ನ ಕೆಲಸ ಮಾಡಿತು. ಕಣ್ಣು ಮಿಟುಕಿಸುವುದರೊಳಗೆ ಹೊಸ ಡಬ್ಬಿ ಎದ್ದಿತು. ಹೊಸದಾಗಿ ಹುಟ್ಟಿದ ಆನೆ ಕಾಡಿನ ಅಂಚಿನಿಂದ ಹೊರಡಬೇಕು. ಆದರೆ ಚುಕ್ಕೆ ಮೂಡಿದ್ದು ಪಲ್ಪರ್ ಮನೆಯ ಪಕ್ಕದಲ್ಲಿ, ಕಣದ ಅಂಚಿನಲ್ಲಿ. ಇನ್ನೊಮ್ಮೆ ಅಳಿಸಿದೆ. ಮತ್ತೆ ಅಲ್ಲೇ ಎದ್ದಿತು. ಆಮೇಲೆ ನೆನಪಾಯಿತು: ಸತ್ತು ಹುಟ್ಟಿದರೂ ಕೊನೆಗೆ ನಿಂತ ಜಾಗದಿಂದಲೇ ಹೊರಡಲಿ ಎಂದು ಹಿಂದಿನ ವಾರ ನಾನೇ ಮಾಡಿಟ್ಟಿದ್ದೆ. ನನ್ನ ಹೆದರಿಕೆಗೆ ನಾನೇ ನಗುವಷ್ಟರಲ್ಲಿ ಹೊರಗೆ ಮರದ ಕೊಂಬೆಯೊಂದು ಲಟ್ಟನೆ ಮುರಿಯಿತು.

ಅದರ ಹಿಂದೆಯೇ ವಾಸನೆ ಬಂತು. ಹಳೆಯ ಹುಲ್ಲು, ಕೆಸರು, ಬೆವರು ಎಲ್ಲ ಕಲಸಿದ ಬಿಸಿ ವಾಸನೆ. ಕಿಟಕಿಯತ್ತ ತಿರುಗಿದೆ. ಕಣದ ಮೇಲೆ ಮಂಜು ಒಂದು ಕಡೆ ಉಳಿದದ್ದಕ್ಕಿಂತ ಕಪ್ಪಗಿತ್ತು. ನೋಡುತ್ತಿದ್ದ ಹಾಗೆ ಆ ಕಪ್ಪು ಒಂದು ಕಾಲು ಎತ್ತಿ ಮುಂದಿಟ್ಟಿತು. ಸದ್ದೇ ಇಲ್ಲ. ಅಷ್ಟು ದೊಡ್ಡ ಪ್ರಾಣಿ ಸಿಮೆಂಟಿನ ಮೇಲೆ ಹೆಜ್ಜೆಯಿಟ್ಟರೆ ಸದ್ದಾಗುವುದಿಲ್ಲ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಅದೇ ಹೊತ್ತಿಗೆ ಕರೆಂಟು ಹೋಯಿತು. ಯಂತ್ರಗಳು ಬ್ಯಾಟರಿ ಪೆಟ್ಟಿಗೆಯ ಮೇಲೆ ಓಡುತ್ತಲೇ ಇದ್ದವು. ಆದರೆ ಆ ಪೆಟ್ಟಿಗೆ ಕರೆಂಟು ಹೋಯಿತೆಂದು ಕೂಗತೊಡಗಿತು. ಕೀಂ. ಸ್ವಲ್ಪ ಬಿಟ್ಟು ಮತ್ತೆ ಕೀಂ. ಹೊರಗಿನ ಕಪ್ಪು ನಿಂತಿತು. ಕಿವಿಗಳು ಅಗಲವಾದವು.

ನಾನು ನೆಲದ ಮೇಲೆ ಮಂಡಿಯೂರಿ ಮೇಜಿನ ಕೆಳಗೆ ತೂರಿದೆ. ಪೆಟ್ಟಿಗೆಯ ಗುಂಡಿಯನ್ನು ಒತ್ತಿ ಹಿಡಿದೆ. ಅದು ಆರುವ ಮೊದಲು ಇನ್ನೊಂದು ಸಲ, ಎಲ್ಲಕ್ಕಿಂತ ಉದ್ದಕ್ಕೆ ಕೂಗಿತು. ಆಮೇಲೆ ಮೂರೂ ಯಂತ್ರಗಳ ಫ್ಯಾನುಗಳು ಒಂದಾದ ಮೇಲೊಂದು ಇಳಿದು ನಿಂತವು. ಕೋಣೆಯಲ್ಲಿ ಇಷ್ಟು ದಿನ ಒಂದು ಸದ್ದು ಇತ್ತು ಎಂಬುದು ಅದು ನಿಂತ ಮೇಲೆ ತಿಳಿಯಿತು. ನನ್ನ ಉಸಿರು ನನಗೇ ಜೋರಾಗಿ ಕೇಳಿಸಿತು. ಬಾಯಿಗೆ ಸೆರಗು ಒತ್ತಿಕೊಂಡೆ.

ಕಿಟಕಿಯ ಸರಳುಗಳ ನಡುವೆ ಸೊಂಡಿಲಿನ ತುದಿ ಬಂತು. ಒದ್ದೆಯಾಗಿತ್ತು, ತುದಿಯಲ್ಲಿ ಒಂದು ಬೆರಳಿನಂಥದು ಆಡುತ್ತಿತ್ತು. ಅದು ಕಿಟಕಿಯ ಕಟ್ಟೆಯನ್ನು ಸವರಿತು, ಮೂಲೆಯಲ್ಲಿದ್ದ ಹಳೆಯ ಗೋಣಿಚೀಲಗಳ ಕಡೆಗೆ ಚಾಚಿ ಮೂಸಿತು, ಆಮೇಲೆ ಗಾಳಿಯಲ್ಲಿ ಹಾಗೇ ನಿಂತಿತು. ಅದರ ಉಸಿರು ಬಂದು ಮೇಜಿನ ಮೇಲಿನ ಕಾಗದಗಳು ಎದ್ದವು. ಕೂಗಬಾರದು ಎಂಬುದೊಂದೇ ತಲೆಯಲ್ಲಿ ಇತ್ತು. ಇನ್ನೇನೂ ಇರಲಿಲ್ಲ, ದೇವರೂ ಇರಲಿಲ್ಲ, ಮನೆಯೂ ಇರಲಿಲ್ಲ.

ಸೊಂಡಿಲು ಹಿಂದೆ ಸರಿಯಿತು. ಕಿಟಕಿಯಲ್ಲಿ ಮತ್ತೆ ಬೆಳಕು ಬಂತು, ಮಂಜು ಸ್ವಲ್ಪ ತೆಳುವಾಗಿತ್ತು. ಮೇಜಿನ ಕೆಳಗಿನಿಂದಲೇ ಕತ್ತು ಚಾಚಿ ನೋಡಿದೆ. ಆನೆ ಕಣ ದಾಟಿ ಸಿಲ್ವರ್ ಓಕ್ ಮರಗಳ ನಡುವೆ ಕಾಲುದಾರಿಗೆ ಇಳಿಯುತ್ತಿತ್ತು, ಪಂಪ್ ಮನೆಯ ಕಡೆಗೆ.

ಆಗ ನೆನಪಾಯಿತು. ಹತ್ತು ಗಂಟೆಯ ಚಹಾಕ್ಕೆ ಆಳುಗಳು ಮೇಲಿನ ಬ್ಲಾಕಿನಿಂದ ಇಳಿದು ಬರುವುದು ಆ ದಾರಿಯಲ್ಲೇ. ಹತ್ತು ಆಗುತ್ತ ಬಂದಿತ್ತು. ಫೋನಿಗೆ ಸಿಗ್ನಲ್ ಸಿಗುವುದು ಆ ಕಿಟಕಿಯ ಬಳಿ ಮಾತ್ರ. ಎದ್ದು ಹೇಗೆ ಅಲ್ಲಿಗೆ ಹೋದೆನೋ ಗೊತ್ತಿಲ್ಲ. ಕಟ್ಟೆಯ ಮೇಲಿನ ಲೋಳೆಗೆ ಕೈ ತಾಗಿದ್ದು ಮಾತ್ರ ನೆನಪಿದೆ. ಮೇಸ್ತ್ರಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ.

"ಹೇಳಿ ಅಮ್ಮಾ."

"ಇಳೀಬೇಡಿ" ಎಂದೆ. "ಯಾರೂ ಇಳೀಬೇಡಿ. ಆನೆ ಪಂಪ್ ಮನೆ ದಾರಿಗೆ ಇಳೀತಿದೆ. ಈಗ, ನನ್ನ ಕಣ್ಣೆದುರಿಗೆ."

"ನಾವು ಆ ದಾರೀಲಿ ಇಲ್ಲ ಅಮ್ಮಾ. ಬೆಳಿಗ್ಗೆ ಬರೋವಾಗ ನಿಮ್ಮ ಪರದೆ ನೋಡಿದ್ನಲ್ಲ. ಅದು ಪಂಪ್ ಮನೆ ಕಡೆಯಿಂದ ಕಣಕ್ಕೆ ಹತ್ತಿ ಬರ್ತಿತ್ತು. ಅದಕ್ಕೇ ಇವತ್ತು ಚಹಾನೂ ಬೇಡ, ಯಾರೂ ಕೆಳಗೆ ಇಳಿಯೋದು ಬೇಡ ಅಂದಿದ್ದೆ. ಎಲ್ಲಾ ರೋಡಿನ ಹತ್ರ ಇದ್ದೀವಿ."

"ಅದು ಸುಳ್ಳಾನೆ!" ಎಂದೆ.

"ಇದು?" ಎಂದಳು.

ಕೆಳಗೆ ಹಲಸಿನ ಮರದ ಕಡೆಯಿಂದ ಏನೋ ಮುರಿಯುವ ಸದ್ದು ಬಂತು, ಆಮೇಲೆ ಎಲ್ಲ ಸ್ತಬ್ಧ.

ಯಜಮಾನರು ಮಧ್ಯಾಹ್ನ ಬಂದರು. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಕಪ್ಪು ಕನ್ನಡಕ ಹಾಕಿದ್ದರು. ಕಣದ ಅಂಚಿನ ಮಣ್ಣಿನಲ್ಲಿ ಮೂಡಿದ ಹೆಜ್ಜೆಗಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಒಂದರ ಒಳಗೆ ಕೈಯಿಟ್ಟು ನೋಡಿದರು. ತಳದಲ್ಲಿ ನೀರು ನಿಂತಿತ್ತು. ಮೇಸ್ತ್ರಿ ನಡೆದದ್ದನ್ನೆಲ್ಲ ಹೇಳಿದಳು. ಅವರು ನನ್ನ ಕಡೆ ತಿರುಗಿದರು.

"ಅದನ್ನ ನಿಲ್ಸಬೇಡಿ."

"ಯಾವುದನ್ನ ಸರ್?"

"ನಿಮ್ಮ ಸುಳ್ಳಾನೆನ."

ಅದನ್ನು ನಿಲ್ಲಿಸಬೇಕೆಂದು ನಾನಿನ್ನೂ ತೀರ್ಮಾನಿಸಿರಲಿಲ್ಲ. ಆದರೆ ಯಂತ್ರಗಳನ್ನು ಮತ್ತೆ ಹಚ್ಚಲು ನನ್ನ ಕೈ ಏಳುತ್ತಿರಲಿಲ್ಲ. ಹೇಳಿದೆ: ಇವತ್ತು ಅದು ಅಲ್ಲಿದ್ದದ್ದು ಕಾಕತಾಳೀಯ. ನಾಳೆ ಅದು ಕೆರೆಯ ಹತ್ತಿರ ಇರುತ್ತದೆ, ನಿಜವಾದದ್ದು ಇಲ್ಲಿರುತ್ತದೆ. ಇವರೆಲ್ಲ ಅದನ್ನು ನಂಬಿ ಈ ಕಡೆ ಇಳಿಯುತ್ತಾರೆ. ಆಗ?

"ಅದು ನನಗೂ ಅರ್ಥ ಆಗುತ್ತೆ" ಎಂದರು. ಕನ್ನಡಕದ ಹಿಂದಿನ ಕಣ್ಣು ಕಾಣುತ್ತಿರಲಿಲ್ಲ. "ಆದ್ರೆ ಮಾರಾಯ್ತಿ, ಅವತ್ತು ಅವಳಿಗೆ ಒಂದು ಸುಳ್ಳಾದ್ರೂ ಇದ್ದಿದ್ರೆ ನಿಲ್ತಿದ್ಲು. ಹೆದರ್ಕೊಂಡು ಮನೇಲೇ ಇರ್ತಿದ್ಲು. ನಿಜ ಅಂತೂ ತಲುಪಲಿಲ್ಲ."

ಮೇಸ್ತ್ರಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಆ ಕಡೆ ಹೋದಳು.

ಅಂದು ಸಂಜೆ ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. "ಸಕ್ಕರೆ ಗುಳಿಗೆ ಕೊಟ್ಟು ಜ್ವರ ಇಳಿದವರನ್ನೂ ನೋಡಿದ್ದೀನಿ. ಆದ್ರೆ ನಾಳೆಯಿಂದ ಅಂಗಡೀಲಿ ಅದನ್ನೇ ಮಾರು ಅಂದ್ರೆ ನನ್ನಿಂದ ಆಗಲ್ಲ" ಎಂದ.

ಎರಡು ದಿನ ತೋಟದ ಕಡೆ ಹೋಗಲಿಲ್ಲ. ಮೂರನೆಯ ದಿನ ಹೋಗಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಂತ್ರಗಳನ್ನು ಹಚ್ಚಿದೆ. ಎಲ್ಲ ಡಬ್ಬಿಗಳೂ ಒಂದೊಂದಾಗಿ ಎದ್ದವು. ಕೆಂಪು ಚುಕ್ಕೆ ಕಣದ ಅಂಚಿನಲ್ಲಿ, ಬಿಟ್ಟಲ್ಲೇ ಇತ್ತು. ಅಳಿಸಿದರೆ ಮತ್ತೆ ಬರುತ್ತದೆ, ಹಾಗಾಗಿ ಅಳಿಸುವುದಲ್ಲ, ಆನೆ ಎಷ್ಟು ಬೇಕು ಎಂದು ಬರೆದಿರುವ ಜಾಗದಲ್ಲಿ ಒಂದು ತೆಗೆದು ಸೊನ್ನೆ ಹಾಕಬೇಕು ಎಂದು ಅವರಿಗೆ ತೋರಿಸಿದೆ. ಕುಯ್ಲಿನೊಳಗೆ ನಿಜವಾದದ್ದನ್ನು ಮುಗಿಸಿಕೊಡುತ್ತೇನೆ, ಇದೊಂದು ಬೇಡ ಎಂದು ಬೇಡಿಕೊಂಡೆ. ಅವರು ಪರದೆಯನ್ನು ನೋಡುತ್ತಲೇ ಇದ್ದರು. ಆಮೇಲೆ ಕಿರುಬೆರಳಿನಿಂದ ಸೊನ್ನೆಯನ್ನು ಅವರೇ ಒತ್ತಿದರು.

ಚುಕ್ಕೆ ಇಲ್ಲವಾಯಿತು.

"ಹೋಯ್ತಾ?"

"ಹೋಯ್ತು ಸರ್."

"ತಾನಾಗಿ ಬರಲ್ಲ?"

"ನಾವು ಹೇಳಿದ ಹೊರತು ಬರಲ್ಲ."

ನಕ್ಷೆಯ ಮೇಲೆ ಈಗ ಕೆರೆ, ಗದ್ದೆ, ತೋಟಗಳ ಹಸಿರು, ಗೆರೆಯಂಥ ದಾರಿಗಳು ಮಾತ್ರ ಇದ್ದವು. ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಯಜಮಾನರು ಪರದೆಯತ್ತ ಬಗ್ಗಿದರು. "ಖಾಲಿ ನಕ್ಷೆ ನೋಡಿದ್ರೆ ಇನ್ನೂ ಹೆದರಿಕೆ ಆಗುತ್ತಲ್ರೀ" ಎಂದರು. "ಅದು ಇದ್ದಾಗ ಒಂದು ಕಡೆ ಮಾತ್ರ ಇತ್ತು. ಈಗ ಎಲ್ಲಾ ಕಡೆನೂ ಇರಬಹುದು."

ಆ ಮಾತು ನನ್ನನ್ನು ಬಿಡಲಿಲ್ಲ. ಯಾರೂ ವರದಿ ಮಾಡದಿದ್ದರೆ ಆನೆ ಇಲ್ಲ ಎಂದಲ್ಲ, ನಮಗೆ ಗೊತ್ತಿಲ್ಲ ಎಂದಷ್ಟೇ. ನಾನು ಬರೆದಿದ್ದ ಪುಟದಲ್ಲಿ ವರದಿ ಇಲ್ಲದಾಗ "ಆನೆ ಇಲ್ಲ, ದಾರಿ ಸುರಕ್ಷಿತ" ಎಂದು ಹಸಿರು ಅಕ್ಷರಗಳಲ್ಲಿ ಬರುತ್ತಿತ್ತು. ಅದನ್ನು ತೆಗೆದುಹಾಕಿದೆ. ಅದರ ಬದಲು ಕೊನೆಯ ಸುದ್ದಿ ಬಂದು ಎಷ್ಟು ಹೊತ್ತಾಯಿತು, ಎಲ್ಲಿಂದ ಬಂತು ಎಂಬುದನ್ನು ತೋರಿಸುವಂತೆ ಮಾಡಿದೆ. ಸುರಕ್ಷಿತ ಎಂಬ ಪದವನ್ನು ಇಡೀ ಕೆಲಸದಲ್ಲಿ ಎಲ್ಲಿಯೂ ಉಳಿಸಲಿಲ್ಲ.

ಪರೀಕ್ಷೆಗೆ ಬೇರೆ ದಾರಿ ಹುಡುಕಿದೆ. ನಕ್ಷೆಯಲ್ಲಿ ಇಲ್ಲದ ಒಂದು ಊರು ಮಾಡಿ, ಅದರಲ್ಲಿ ಯಾರದೂ ಅಲ್ಲದ ತೋಟಗಳನ್ನಿಟ್ಟು, ಅಲ್ಲಿ ಬೇಕಾದಷ್ಟು ಆನೆಗಳನ್ನು ಓಡಾಡಿಸಿದೆ. ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂರುತ್ತಿದ್ದೆ. ಒಂದು ಯಂತ್ರದ ತಂತಿಯನ್ನು ಬೇಕೆಂದೇ ಕೀಳುವೆ. ಅದರಲ್ಲಿದ್ದ ಡಬ್ಬಿಗಳು ಉಳಿದೆರಡರಲ್ಲಿ ಎದ್ದು, ಫೋನಿನ ಸರದಿ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಯುವವು. ಆ ಕೆಲಸ ಚೆನ್ನಾಗಿಯೇ ಆಯಿತು. ಆಳುಗಳು ಮಾತ್ರ ಆ ತಿಂಗಳೆಲ್ಲ ಪಂಪ್ ಮನೆಯ ದಾರಿ ಹಿಡಿಯಲಿಲ್ಲ. ಯಜಮಾನರು ರಸ್ತೆಯ ಕಡೆಯಿಂದ ಬೇರೆ ದಾರಿ ಕಡಿಸಿದರು.

ಕೊನೆಗೆ ಉಳಿದದ್ದು ದನಿ. ಫೋನು ಎತ್ತಿದಾಗ ಯಾರಾದರೂ ಹೇಳಬೇಕಲ್ಲ. ಯಂತ್ರದ ದನಿ ಹಾಕಿದರೆ ಬ್ಯಾಂಕಿನವರೆಂದು ಇಟ್ಟುಬಿಡುತ್ತಾರೆ. ಮೇಸ್ತ್ರಿಯನ್ನು ಕೇಳಿದೆ. ಅವಳು ಮೊದಲು ನಾಚಿದಳು, ಆಮೇಲೆ ಎದ್ದು ನಿಂತು, ಮೇಲಿನ ಬ್ಲಾಕಿಗೆ ಕೇಳುವ ಹಾಗೆ ಒಂದೇ ಸಲಕ್ಕೆ ಹೇಳಿದಳು: "ಆನೆ ಬಂದದೆ. ನಿಂತಲ್ಲೇ ನಿಲ್ಲಿ. ದಾರಿಗೆ ಇಳೀಬೇಡಿ."

ಕುಯ್ಲು ಶುರುವಾಗುವ ಹೊತ್ತಿಗೆ ಆ ಡಬ್ಬಿಗಳನ್ನೇ ಹಾಗೆ ಎತ್ತಿ ಬಾಡಿಗೆಯ ದೊಡ್ಡ ಯಂತ್ರಗಳಿಗೆ ಸಾಗಿಸಿದೆವು. ನಮ್ಮ ಕಡೆಯ ತೋಟದವರು, ಆಳುಗಳು, ಶಾಲೆಯ ಮೇಷ್ಟ್ರು, ಬಸ್ಸಿನ ಡ್ರೈವರು, ಎಲ್ಲರ ನಂಬರುಗಳೂ ಅದರಲ್ಲಿ ಸೇರಿದವು. ಕೆಲವು ದಿನ ಏನೂ ಆಗಲಿಲ್ಲ.

ಮೊದಲ ನಿಜವಾದ ವರದಿ ಬಂದಾಗ ನಾನು ಕಣದಲ್ಲಿದ್ದೆ. ಹಣ್ಣು ಅಳೆಯುವ ಹೊತ್ತು. ಮಂಜು ಇನ್ನೂ ಎದ್ದಿರಲಿಲ್ಲ. ಕೆಳಗಿನ ರಸ್ತೆಯಲ್ಲಿ ಬಸ್ಸಿನ ಡ್ರೈವರೊಬ್ಬರು ಆನೆಗಳು ದಾಟುವುದನ್ನು ಕಂಡು ಗುಂಡಿ ಒತ್ತಿದ್ದರು. ಯಜಮಾನರ ಜೇಬು ಬಡಿದುಕೊಂಡಿತು. ಅವರು ಫೋನು ತೆಗೆದು ಕಿವಿಗೆ ಹಿಡಿಯದೆ ಹಾಗೇ ಕೈಯಲ್ಲಿ ಹಿಡಿದು ನಿಂತರು. ಕಣದಲ್ಲಿದ್ದ ಒಬ್ಬೊಬ್ಬರ ಫೋನೂ ರಿಂಗಾಯಿತು. ಆಮೇಲೆ ಕೆಳಗಿನ ತೋಟದಲ್ಲಿ, ಅದರ ಪಕ್ಕದ ತೋಟದಲ್ಲಿ, ಹಳ್ಳದ ಆಚೆಯ ಗುಡ್ಡದಲ್ಲಿ, ಕಣ್ಣಿಗೆ ಕಾಣದ ಜನರ ಜೇಬುಗಳಲ್ಲಿ, ಒಂದಾದ ಮೇಲೊಂದು ರಿಂಗಾಗುತ್ತ ಹೋದವು. ಗಿಡಗಳ ನಡುವಿನ ಮಾತು, ನಗು, ಎಲ್ಲ ನಿಂತವು. ಇಡೀ ಕಣಿವೆ ಕಿವಿಗೊಟ್ಟಿತು.

ಮೇಸ್ತ್ರಿ ನನ್ನ ಪಕ್ಕದಲ್ಲಿ ತುಟಿ ಬಿಗಿದು ನಿಂತಿದ್ದಳು. ಮಂಜಿನೊಳಗಿನಿಂದ, ಹತ್ತಿರದಿಂದ, ದೂರದಿಂದ, ಆ ಗುಡ್ಡದಿಂದ, ಈ ಹಳ್ಳದಿಂದ, ಸ್ಪೀಕರಿಗೆ ಹಾಕಿದ ಫೋನುಗಳಲ್ಲಿ ಅವಳದೇ ದನಿ ಮತ್ತೆ ಮತ್ತೆ ಹೇಳುತ್ತಿತ್ತು: ಆನೆ ಬಂದದೆ. ನಿಂತಲ್ಲೇ ನಿಲ್ಲಿ. ದಾರಿಗೆ ಇಳೀಬೇಡಿ.

ಅವಳು ನನ್ನ ಕೈ ಹಿಡಿದುಕೊಂಡಳು. ನಾವು ಯಾರೂ ಕದಲಲಿಲ್ಲ.